ನನ್ನ ಮಾಡೆಲ್‌ನಲ್ಲಿ ತೌಕ್ತೆ ಕರಾವಳಿ ಹತ್ತಿರ ಬಂದು ಸೊರಗುತ್ತಿದೆ, ಎಲ್ಲಿ ತಪ್ಪಿದೆ?

ಗಾಳಿಲೆಕ್ಕ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ 2021ರ ತೌಕ್ತೆ ಚಂಡಮಾರುತವನ್ನು ವರ್ಫ್ ಅನ್ನುವ ಹವಾಮಾನದ ಕಂಪ್ಯೂಟರ್ ಮಾಡೆಲ್‌ನಲ್ಲಿ ಮತ್ತೆ ಕಟ್ಟಿ ನೋಡುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ತಿಳಿದವರು ಇಲ್ಲಿದ್ದಾರೆ ಅಂತ ಕೇಳುತ್ತಿದ್ದೇನೆ.

ಮರೆತವರಿಗೆ ನೆನಪಿಸುತ್ತೇನೆ. ಆ ವರ್ಷ ಮೇ 13ರಂದು ಲಕ್ಷದ್ವೀಪದ ಆಸುಪಾಸಿನಲ್ಲಿ ವಾಯುಭಾರ ಕುಸಿಯಿತು. 14ರ ಬೆಳಿಗ್ಗೆ ಡಿಪ್ರೆಶನ್ (ಚಂಡಮಾರುತಕ್ಕಿಂತ ಮೊದಲಿನ ಹಂತ) ಆಯಿತು, ಅದೇ ರಾತ್ರಿ ಚಂಡಮಾರುತವಾಗಿ ತೌಕ್ತೆ ಅಂತ ಹೆಸರೂ ಬಂತು. ಮ್ಯಾನ್ಮಾರ್ ಕೊಟ್ಟ ಹೆಸರು ಅದು. ಅಲ್ಲಿಂದ ಕೇರಳ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ಕರಾವಳಿಗೆ ಸಮನಾಗಿ, ಬಲ ಹೆಚ್ಚಿಸಿಕೊಳ್ಳುತ್ತಲೇ ಬಡಗಿಗೆ, ಅಂದರೆ ಉತ್ತರಕ್ಕೆ ಹೋಯಿತು. 17ರ ರಾತ್ರಿ ಗುಜರಾತಿನ ಊನಾ, ದಿಯು ಹತ್ತಿರ ದಡ ಹತ್ತಿತು. ಅತಿ ಜೋರಿದ್ದಾಗ ಗಾಳಿ ಗಂಟೆಗೆ 185 ಕಿ.ಮೀ., ಕೇಂದ್ರದ ಒತ್ತಡ 950 ಹೆಕ್ಟೊಪ್ಯಾಸ್ಕಲ್ (ಈ ಅಂಕಿ ಇಳಿದಷ್ಟೂ ಬಿರುಗಾಳಿಗೆ ಬಲ ಜಾಸ್ತಿ).

ನನ್ನ ಸೆಟಪ್ ಹೀಗಿದೆ. ಲೆಕ್ಕದ ಚೌಕಗಳ ಬಲೆ, ಅಂದರೆ ಗ್ರಿಡ್, ಎರಡು: ಹೊರಗಿನದರ ಚೌಕ 9 ಕಿ.ಮೀ., ಒಳಗಿನದರದು 3 ಕಿ.ಮೀ. ಹೊರಗಿನ ಡೊಮೇನ್ (ಮಾಡೆಲ್ ಲೆಕ್ಕ ಹಾಕುವ ಪ್ರದೇಶ) ಪೂರ್ವ ರೇಖಾಂಶ 60ರಿಂದ 76 ಡಿಗ್ರಿವರೆಗೆ. ಆರಂಭಕ್ಕೆ ಅಮೆರಿಕದ ಜಾಗತಿಕ ಹವಾಮಾನ ಮಾಡೆಲ್ ಆದ ಜಿಎಫ್‌ಎಸ್‌ನ ಕಾಲು ಡಿಗ್ರಿ ಡೇಟಾ. ಕಡಲ ಮೇಲ್ಮೈ ಉಷ್ಣಾಂಶಕ್ಕೆ ಬೇರೆ ದಿನವಹಿ ಡೇಟಾ ತಂದು ಸೇರಿಸಿದ್ದೇನೆ. ಆರಂಭ ಮೇ 13ರ ಬೆಳಿಗ್ಗೆ 5:30. ಎರಡೂ ಗ್ರಿಡ್‌ಗಳಲ್ಲಿ ಕೈನ್-ಫ್ರಿಟ್ಷ್ ಮೋಡದ ಸ್ಕೀಮು (ಚೌಕಕ್ಕಿಂತ ಸಣ್ಣ ಮೋಡಗಳನ್ನು ಅಂದಾಜು ಮಾಡುವ ಲೆಕ್ಕ) ಚಾಲೂ ಇದೆ. ಲ್ಯಾಬಿನ 32 ಕೋರ್ ಮೆಷಿನ್‌ನಲ್ಲಿ ಐದು ದಿನದ ರನ್ನಿಗೆ ಸುಮಾರು 20 ಗಂಟೆ ಹಿಡಿಯುತ್ತದೆ.

ತೊಂದರೆ ಏನೆಂದರೆ, ನನ್ನ ಬಿರುಗಾಳಿ 15ನೇ ತಾರೀಕು ಬಲಕ್ಕೆ ವಾಲಿಕೊಂಡು ಭಟ್ಕಳದ ನೇರಕ್ಕೆ ಬರುತ್ತದೆ. ಅಲ್ಲಿಗೆ ಬಂದು ಹಾಗೇ ಕರಗುತ್ತದೆ. ಒತ್ತಡ 988ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಸ್ಕೀಮು ಬದಲಿಸಿ ನಾಲ್ಕು ಸಲ ಓಡಿಸಿದೆ. ನಾಲ್ಕೂ ಸಲ ಅದೇ ಕಥೆ.

ಪುಣೆಕನ್ನಡಿಗ | ಸೋಮವಾರ, ರಾತ್ರಿ 11:15

ಸೆಟಪ್ ಪೂರ್ತಿ ಬರೆದಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಬರೀ 'ವರ್ಕ್ ಆಗ್ತಿಲ್ಲ' ಅಂತ ಹಾಕುತ್ತಾರೆ.

ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ನಿಮ್ಮ 76 ಡಿಗ್ರಿ. ಮ್ಯಾಪ್ ತೆಗೆದು ಆ ಗೆರೆ ಎಳೆದು ನೋಡಿ. ಉಡುಪಿಯಿಂದ ಆ ಗೆರೆಗೆ ನೂರೈವತ್ತು ಕಿ.ಮೀ. ಕೂಡ ಇಲ್ಲ. ಕೆಳಗೆ ಕೇರಳದ ವಯನಾಡಿಗೆ ಬಂದರೆ ಅದು ನೇರ ಘಟ್ಟದ ಮೇಲೇ ಹಾಯುತ್ತದೆ. ಡೊಮೇನಿನ ಅಂಚಿನಲ್ಲಿ ಏನಾಗುತ್ತದೆ ಗೊತ್ತಲ್ವಾ? ಅಲ್ಲಿ ಗಾಳಿ, ತೇವ, ಉಷ್ಣಾಂಶ ಎಲ್ಲವನ್ನೂ ಜಿಎಫ್‌ಎಸ್ ಹೇಳಿದ ಹಾಗೆ ಬಲವಂತವಾಗಿ ತುಂಬುತ್ತೀರಿ. ಜಿಎಫ್‌ಎಸ್‌ಗೆ ಕಾಣುವ ಘಟ್ಟವೇ ಬೇರೆ, ನಿಮ್ಮ 9 ಕಿ.ಮೀ. ಗ್ರಿಡ್‌ಗೆ ಕಾಣುವ ಘಟ್ಟವೇ ಬೇರೆ. ಎರಡೂ ಬೆಟ್ಟದ ಮೇಲೇ ಬಂದು ಜಗಳಕ್ಕೆ ನಿಂತರೆ ಸುಳ್ಳು ಅಲೆಗಳು ಹುಟ್ಟುತ್ತವೆ, ಸುಳ್ಳು ಮಳೆ ಬರುತ್ತದೆ. ಅಂಚನ್ನು ಬೆಟ್ಟದ ಮೇಲೆ ಇಡಬೇಡಿ ಅನ್ನುವುದು ವರ್ಫ್ ಕಲಿಸುವವರು ಮೊದಲ ದಿನವೇ ಹೇಳುವ ಮಾತು.

ಪೂರ್ವಕ್ಕೆ 90 ಡಿಗ್ರಿವರೆಗೆ ಎಳೆಯಿರಿ, ಬಂಗಾಳ ಕೊಲ್ಲಿಯ ಮೇಲೆ ಹೋಗಿ ನಿಲ್ಲಲಿ. ತೆಂಕಿಗೆ ಸಮಭಾಜಕ ದಾಟಿ 5 ಡಿಗ್ರಿ ಇಳಿಯಿರಿ. ಮೇ ತಿಂಗಳ ಬಿರುಗಾಳಿಗೆ ತೇವ ಬರುವುದು ಸಮಭಾಜಕ ದಾಟಿ ಬರುವ ಗಾಳಿಯಿಂದ. ಆ ದಾರಿಯನ್ನೇ ಡೊಮೇನಿನಿಂದ ಹೊರಗಿಟ್ಟರೆ ಬಲ ಎಲ್ಲಿಂದ ಬರಬೇಕು?

ಇನ್ನೊಂದು, 3 ಕಿ.ಮೀ. ಗ್ರಿಡ್‌ನಲ್ಲಿ ಮೋಡದ ಸ್ಕೀಮು ಆಫ್ ಮಾಡಿ. ದೊಡ್ಡ ಗುಡುಗುಮೋಡ ಆ ಗ್ರಿಡ್‌ಗೆ ತಾನಾಗಿಯೇ ಕಾಣುತ್ತದೆ. ಮೇಲಿಂದ ಸ್ಕೀಮನ್ನೂ ಇಟ್ಟರೆ ಒಂದೇ ಮಳೆಯನ್ನು ಎರಡು ಸಲ ಲೆಕ್ಕ ಹಾಕಿದ ಹಾಗೆ. 9ರಲ್ಲಿ ಇರಲಿ.

ಕೊನೆಗೆ, ಮಾಡೆಲ್ ಓಡುವ ಮುಂಚಿನ ಇನ್‌ಪುಟ್ ಫೈಲ್ ತೆರೆದು ಕಡಲ ಉಷ್ಣಾಂಶದ ಚಿತ್ರ ಹಾಕಿ ನೋಡಿ. ಕರಾವಳಿಯ ಪಕ್ಕದ ನಾಲ್ಕೈದು ಚೌಕಗಳನ್ನು ಹತ್ತಿರದಿಂದ ನೋಡಿ. ನನಗೆ ಅಲ್ಲೊಂದು ಅನುಮಾನ ಇದೆ. ನೀವೇ ನೋಡಿ ಹೇಳಿ.

ಮಲ್ಪೆಹುಡುಗ | ಮಂಗಳವಾರ, ಬೆಳಿಗ್ಗೆ 6:50

ನನಗೆ ಈ ಗ್ರಿಡ್ ಗಿಡ್ ಗೊತ್ತಿಲ್ಲ ಮಾರಾಯ್ರೆ. ಆದರೆ ಆ ತೂಫಾನು ಗೊತ್ತು. ನಮ್ಮದು ಟ್ರಾಲ್ ಬೋಟು. ಜೂನ್ 1ಕ್ಕೆ ಬಂದ್ ಆಗುವ ಮುಂಚಿನ ಕೊನೆಯ ಎರಡು ವಾರ. ಮೇಲಿಂದ ಲಾಕ್‌ಡೌನ್. ದುಡಿದರೆ ಆಗಲೇ ದುಡಿಯಬೇಕು.

ಟಿವಿಯಲ್ಲಿ ಒಂದೇ ಮಾತು, ಗುಜರಾತಿಗೆ ಹೋಗ್ತದೆ, ಗುಜರಾತಿಗೆ ಹೋಗ್ತದೆ. ಕಡಲಿಗೆ ಇಳಿಯಬೇಡಿ ಅಂತ ಇಲಾಖೆಯ ಎಚ್ಚರಿಕೆ ಬಂದಿತ್ತು, ಅದು ಸುಳ್ಳಲ್ಲ. ನಮ್ಮ ಬೋಟುಗಳು ಬಂದರಿಗೆ ಬಂದಿದ್ದವು. ಆದರೆ ದಡದ ಮನೆಯವರಿಗೆ 'ನಮಗೇನೂ ಇಲ್ಲ' ಅನ್ನುವ ಧೈರ್ಯ. ಶನಿವಾರ ರಾತ್ರಿ ಅಲೆ ರಸ್ತೆ ದಾಟಿ ಬಂತು. ತೆಂಗಿನ ಮರ ಬುಡಸಮೇತ ಹೋಯಿತು. ಕಾಪು, ಪಡುಬಿದ್ರಿ ಕಡೆ ಟಗ್ ಬೋಟುಗಳಿಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಒಂದು ಮಗುಚಿತು. ಇನ್ನೊಂದು ಬಂಡೆಗೆ ಸಿಕ್ಕಿ, ಸೋಮವಾರ ಹೆಲಿಕಾಪ್ಟರ್ ಬಂದು ಕೆಲವರನ್ನು ಮೇಲೆ ಎಳೆದರು. ಅದರಲ್ಲಿದ್ದ ಒಂಬತ್ತು ಜನ ಬದುಕಿದರು.

ತೂಫಾನು ನಮ್ಮ ದಡ ಮುಟ್ಟಲೇ ಇಲ್ಲ. ಆದರೂ ಇಷ್ಟಾಯಿತು. ಅದು ಯಾಕೆ ಅಂತ ನಿಮ್ಮ ಕಂಪ್ಯೂಟರ್ ಹೇಳುವುದಾದರೆ ನಾನೂ ಕೇಳುತ್ತೇನೆ.

ಪುಣೆಕನ್ನಡಿಗ | ಮಂಗಳವಾರ, ಮಧ್ಯಾಹ್ನ 1:30

ಮಲ್ಪೆಹುಡುಗ, ನಿಮ್ಮ ಪ್ರಶ್ನೆಯೇ ಈ ಚರ್ಚೆಯ ಜೀವ. ಹೇಳುತ್ತೇನೆ.

ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ತೌಕ್ತೆ ಬಡಗಿಗೆ ಹೋಗುತ್ತಿತ್ತು, ನಮ್ಮ ಕರಾವಳಿ ಅದರ ಬಲಗಡೆ. ಬಲಗಡೆ ಸುತ್ತುವ ಗಾಳಿಗೆ ಬಿರುಗಾಳಿಯ ನಡಿಗೆಯ ವೇಗವೂ ಕೂಡಿಕೊಳ್ಳುತ್ತದೆ. ಎಡಗಡೆ ಕಳೆಯುತ್ತದೆ. ಅಂದರೆ ಜಾಸ್ತಿ ಗಾಳಿ ಇರುವ ಮಗ್ಗುಲೇ ನಮ್ಮ ಕಡೆಗಿತ್ತು.

ಇನ್ನು ಗಾಳಿಯ ದಿಕ್ಕು. ಕೇಂದ್ರ ನಿಮ್ಮ ಊರಿಗಿಂತ ತೆಂಕಿನಲ್ಲಿದ್ದಾಗ ನಿಮಗೆ ಗಾಳಿ ನೆಲದ ಕಡೆಯಿಂದ, ಮೂಡು-ತೆಂಕಿನಿಂದ ಬರುತ್ತದೆ. ಆಗ ಅಲೆ ಅಷ್ಟು ಏಳುವುದಿಲ್ಲ. ಕೇಂದ್ರ ನಿಮ್ಮ ನೇರ ದಾಟಿ ಬಡಗಿಗೆ ಹೋದ ಮೇಲೆ ಗಾಳಿ ತಿರುಗಿ ಪಡು-ತೆಂಕಿನಿಂದ ಹೊಡೆಯುತ್ತದೆ. ಈಗ ಅದು ನೂರಾರು ಕಿ.ಮೀ. ಬಯಲು ಕಡಲಿನ ಮೇಲೆ ಓಡಿಬಂದ ಗಾಳಿ. ನೀರನ್ನು ದಡಕ್ಕೆ ಒತ್ತುತ್ತದೆ. ಬಿರುಗಾಳಿ ಆಚೆ ಹೋಯಿತು ಅಂತ ಜನ ಉಸಿರು ಬಿಡುವ ಹೊತ್ತಿಗೇ ಕಡಲು ಏಳುವುದು ಇದಕ್ಕೇ. ದಡ ಎಲ್ಲಿ ಹತ್ತುತ್ತದೆ ಅನ್ನುವ ಒಂದು ಚುಕ್ಕಿಯನ್ನೇ ಟಿವಿಯಲ್ಲಿ ತೋರಿಸಿದರೆ ಇದು ಯಾರಿಗೂ ಕಾಣುವುದಿಲ್ಲ. ಈ ವಿಷಯದಲ್ಲಿ ನನಗೂ ನಿಮ್ಮಷ್ಟೇ ಸಂಕಟ ಇದೆ.

ಟೀಚರಮ್ಮ | ಮಂಗಳವಾರ, ಸಂಜೆ 5:05

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಹೇಳುವ ಹಾಗೆ ಒಂದು ಮಾತು ಹೇಳಿ. ಬಿರುಗಾಳಿಯನ್ನು ಕಂಪ್ಯೂಟರಿನೊಳಗೆ ಹಾಕುವುದು ಅಂದರೆ ನಿಜವಾಗಿ ಏನು ಮಾಡುತ್ತೀರಿ? ಮತ್ತೆ, ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಸೂಪರ್ ಕಂಪ್ಯೂಟರ್ ಇದ್ದೂ ಯಾಕೆ ತಪ್ಪುತ್ತದೆ?

ಪುಣೆಕನ್ನಡಿಗ | ಮಂಗಳವಾರ, ರಾತ್ರಿ 10:20

ಮೇಡಂ, ಗಾಳಿಯನ್ನೆಲ್ಲ ಪೆಟ್ಟಿಗೆಗಳಾಗಿ ಕತ್ತರಿಸುತ್ತೇವೆ ಅಂದುಕೊಳ್ಳಿ. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಪ್ರತಿ ಪೆಟ್ಟಿಗೆಗೂ ಐದಾರು ಅಂಕಿ: ಗಾಳಿ ಯಾವ ಕಡೆ ಎಷ್ಟು, ಉಷ್ಣಾಂಶ, ಒತ್ತಡ, ತೇವ. ಈಗ ಪಕ್ಕದ ಪೆಟ್ಟಿಗೆಯಿಂದ ಏನು ಬಂತು, ಏನು ಹೋಯಿತು ಅಂತ ನ್ಯೂಟನ್ನನ ನಿಯಮ ಹಚ್ಚಿ ಲೆಕ್ಕ ಹಾಕುತ್ತೇವೆ. 9 ಕಿ.ಮೀ. ಪೆಟ್ಟಿಗೆಯಾದರೆ ಸುಮಾರು 54 ಸೆಕೆಂಡು ಮುಂದಕ್ಕೆ. ಮತ್ತೆ ಮೊದಲಿಂದ. ಐದು ದಿನ ಮುಗಿಯುವವರೆಗೆ ಇದೇ ಕೆಲಸ.

ಪೆಟ್ಟಿಗೆ ಅರ್ಧ ಮಾಡಿದರೆ? ಉದ್ದದಲ್ಲಿ ಎರಡರಷ್ಟು, ಅಗಲದಲ್ಲಿ ಎರಡರಷ್ಟು. ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲದಿದ್ದರೆ ಗಾಳಿ ಒಂದೇ ಹೆಜ್ಜೆಯಲ್ಲಿ ಪೆಟ್ಟಿಗೆ ಹಾರಿ ಹೋಗಿ ಲೆಕ್ಕ ಕೆಡುತ್ತದೆ. ಅಂದರೆ ಎಂಟರಷ್ಟು ಕೆಲಸ. ನಮ್ಮ ಹವಾಮಾನ ಇಲಾಖೆಯ ಜಾಗತಿಕ ಮಾಡೆಲ್ 12 ಕಿ.ಮೀ. ಇತ್ತು. 2025ರ ಮೇನಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅಂತ 6 ಕಿ.ಮೀ.ನದು ಬಂತು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲಿ ಕಟ್ಟಿದ್ದು. ಅಲ್ಲಿನ ಅರ್ಕ, ನೋಯ್ಡಾದ ಅರುಣಿಕ ಯಂತ್ರಗಳು 2024ರಲ್ಲಿ ಬಂದಿರದಿದ್ದರೆ ಈ ಕೆಲಸ ಕಷ್ಟ ಇತ್ತು.

ಆದರೆ ಯಂತ್ರ ದೊಡ್ಡದಾದ ಮಾತ್ರಕ್ಕೆ ಆಗುವುದಿಲ್ಲ. ಮೊದಲ ಹೆಜ್ಜೆಗೆ ಅಂಕಿ ಬೇಕಲ್ವಾ? ಪ್ರತಿ ಪೆಟ್ಟಿಗೆಗೂ ಈ ಹೊತ್ತಿನ ಅಂಕಿ. ಕಡಲಿನ ಮೇಲೆ ಅಳೆಯುವವರು ಯಾರು? 1961ರಲ್ಲಿ ಎಡ್ವರ್ಡ್ ಲೊರೆಂಜ್ ಅನ್ನುವವರು 0.506127 ಅನ್ನುವ ಅಂಕಿಯ ಬದಲು 0.506 ಅಂತ ಕೊಟ್ಟು ಮಾಡೆಲ್ ಓಡಿಸಿದರು. ಸ್ವಲ್ಪ ಹೊತ್ತು ಎರಡೂ ಒಂದೇ ದಾರಿ ಹಿಡಿದವು. ಆಮೇಲೆ ಪೂರಾ ಬೇರೆ ಬೇರೆ ಹವಾಮಾನ. ಸಾವಿರದಲ್ಲಿ ಒಂದು ಪಾಲು ಕೂಡ ಇರದ ವ್ಯತ್ಯಾಸ ಅದು. ನಮ್ಮ ಅರಬ್ಬೀ ಸಮುದ್ರದಲ್ಲಿ ಆರಂಭದ ಅಂಕಿ ಅದಕ್ಕಿಂತ ಎಷ್ಟೋ ಪಾಲು ಒರಟು.

ದಡದ ಹತ್ತಿರ ಇನ್ನೂ ಕಷ್ಟ. ನಮ್ಮ ಓಷನ್‌ಸ್ಯಾಟ್ ಥರದ ಉಪಗ್ರಹಗಳಲ್ಲಿ ಸ್ಕ್ಯಾಟರೋಮೀಟರ್ ಇರುತ್ತದೆ. ಅದು ನೀರಿನ ಮೇಲಿನ ಸಣ್ಣ ಸುಕ್ಕುಗಳಿಂದ ರೇಡಾರ್ ಅಲೆ ಹೇಗೆ ಚೆದುರುತ್ತದೆ ಅಂತ ನೋಡಿ ಗಾಳಿ ಹೇಳುತ್ತದೆ. ಬಯಲು ಕಡಲಿನಲ್ಲಿ ಚೆನ್ನಾಗಿ ಹೇಳುತ್ತದೆ. ದಡದಿಂದ ಇಪ್ಪತ್ತು, ಮೂವತ್ತು ಕಿ.ಮೀ. ಒಳಗೆ ಬಂದರೆ ನೆಲದ ಸಿಗ್ನಲ್ ಬೆರೆತುಹೋಗುತ್ತದೆ, ಆ ಅಂಕಿಯನ್ನು ಬಿಸಾಡಬೇಕು. ಜನ ಇರುವುದು ಆ ಪಟ್ಟಿಯಲ್ಲೇ. ನಾಡದೋಣಿಗಳು ಇರುವುದೂ ಅಲ್ಲೇ.

ಕಡಲಾಚೆ | ಬುಧವಾರ, ಬೆಳಿಗ್ಗೆ 4:10

ಫ್ಲೋರಿಡಾದಲ್ಲಿದ್ದೇನೆ, ಊರು ಕುಮಟಾ ಕಡೆ. ಇಲ್ಲಿ ಚಂಡಮಾರುತದ ಒಳಗೇ ವಿಮಾನ ಹಾರಿಸಿ ಒತ್ತಡ, ಗಾಳಿ ಅಳೆಯುತ್ತಾರೆ. ಅದೇ ಅಂಕಿಯನ್ನು ಮಾಡೆಲ್‌ಗೆ ತುಂಬುತ್ತಾರೆ. ನಮ್ಮಲ್ಲಿ ಆ ಏರ್ಪಾಡು ಇಲ್ಲ, ಬಹುಪಾಲು ಉಪಗ್ರಹದ ಚಿತ್ರ ನೋಡಿ ಡ್ವೊರಾಕ್ ವಿಧಾನದಲ್ಲಿ ಬಲ ಅಂದಾಜು ಮಾಡುತ್ತಾರೆ.

ಆದರೆ ಇಷ್ಟೆಲ್ಲ ಇದ್ದವರಿಗೂ 2023ರ ಅಕ್ಟೋಬರಿನಲ್ಲಿ ಏನಾಯಿತು ನೋಡಿ. ಮೆಕ್ಸಿಕೋದ ಅಕಾಪುಲ್ಕೊ ಊರು. ಓಟಿಸ್ ಅನ್ನುವ ಬಿರುಗಾಳಿ. 24ರ ಬೆಳಿಗ್ಗೆ ಅದಿನ್ನೂ ಸಾಧಾರಣ ಬಿರುಗಾಳಿ. ಯಾವ ದೊಡ್ಡ ಮಾಡೆಲ್ಲೂ ಅದು ಈ ಮಟ್ಟಕ್ಕೆ ಏರುತ್ತದೆ ಅಂತ ಹೇಳಿರಲಿಲ್ಲ. ಮಧ್ಯಾಹ್ನ ಒಂದು ವಿಮಾನ ಒಳಗೆ ಹೋಗಿ ನೋಡಿದಾಗಲೇ ಅದು ಎಷ್ಟು ಬಲಿತಿದೆ ಅಂತ ಗೊತ್ತಾಗಿದ್ದು. 25ರ ನಡುರಾತ್ರಿ ಕಳೆದು ಅಕಾಪುಲ್ಕೊಗೆ ಹೊಡೆದಾಗ ಅದು ಐದನೇ ದರ್ಜೆ, ಅಂದರೆ ಇರುವುದರಲ್ಲೇ ಮೇಲಿನದು. ಪೆಸಿಫಿಕ್ ಬದಿಯ ಮೆಕ್ಸಿಕೋಗೆ ಐದನೇ ದರ್ಜೆಯದು ದಡ ಹತ್ತಿದ್ದು ಅದೇ ಮೊದಲು. ಹತ್ತಾರು ಜನ ಸತ್ತರು. ರಾತ್ರಿ ಮಲಗಿದವರಿಗೆ ಸಾಮಾನು ಕಟ್ಟುವಷ್ಟು ಹೊತ್ತೂ ಸಿಗಲಿಲ್ಲ.

24 ಗಂಟೆಯಲ್ಲಿ ಗಾಳಿ 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ಏರಿದರೆ ಅದನ್ನು ದಿಢೀರ್ ಬಲವರ್ಧನೆ ಅಂತ ಲೆಕ್ಕ. ಓಟಿಸ್ ಅದರ ಮೂರರಷ್ಟು ಏರಿತು. ದಡಕ್ಕೆ ಒಂದು ದಿನ ಇರುವಾಗ ಹೀಗಾದರೆ ಮಾಡೆಲ್ ಮಾಡುವವರಿಗೂ ಹೆದರಿಕೆಯೇ.

ಟೀಚರಮ್ಮ | ಬುಧವಾರ, ಬೆಳಿಗ್ಗೆ 7:30

ಓದುವಾಗ 2017ರ ಓಖಿ ಚಂಡಮಾರುತ ನೆನಪಾಯಿತು. ಅದೂ ಹೀಗೇ ಅಲ್ವಾ?

ಪುಣೆಕನ್ನಡಿಗ | ಬುಧವಾರ, ಬೆಳಿಗ್ಗೆ 9:00

ಹೌದು ಮೇಡಂ. ಬಲದಲ್ಲಿ ಓಟಿಸ್‌ನಷ್ಟಲ್ಲ, ಆದರೆ ಹೊತ್ತು ಕೊಡದೇ ಇದ್ದದ್ದರಲ್ಲಿ ಅದೇ ಜಾತಿ. ನವೆಂಬರ್ 29ರ ಬೆಳಿಗ್ಗೆ ಶ್ರೀಲಂಕಾದ ಪಕ್ಕ ಡಿಪ್ರೆಶನ್. ದ್ವೀಪ ದಾಟಿ ಕನ್ಯಾಕುಮಾರಿ ಕಡಲಿಗೆ ಬಂದು 30ರ ಬೆಳಿಗ್ಗೆ ಆಗಲೇ ಚಂಡಮಾರುತ. ಒಂದು ದಿನ, ಅಷ್ಟೇ. ಆಳ ಕಡಲಿಗೆ ವಾರಗಟ್ಟಲೆ ಹೋಗುವ ಬೋಟುಗಳು ಅಷ್ಟರಲ್ಲಿ ಎಲ್ಲೋ ಇರುತ್ತವೆ. ನೂರಾರು ಮೀನುಗಾರರು ವಾಪಸ್ ಬರಲಿಲ್ಲ.

ದಡದ ಹತ್ತಿರವೇ ಹುಟ್ಟುವ ಬಿರುಗಾಳಿಯ ಕಷ್ಟ ಇದೇ. ದೂರದ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಒಡಿಶಾಕ್ಕೆ ಬರುವುದಕ್ಕೆ ನಾಲ್ಕೈದು ದಿನ ಸಿಗುತ್ತದೆ. 1999ರ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರು, 2013ರ ಫೈಲಿನ್‌ನಲ್ಲಿ ನೂರರ ಒಳಗೆ. ಆ ನಾಲ್ಕೈದು ದಿನಗಳನ್ನು ಚೆನ್ನಾಗಿ ಬಳಸಿಕೊಂಡದ್ದಕ್ಕೆ ಹಾಗಾಯಿತು. ನಮ್ಮ ಪಡುಗಡಲಿನಲ್ಲಿ ಎಷ್ಟೋ ಸಲ ಆ ದಿನಗಳೇ ಇರುವುದಿಲ್ಲ. 2024ರ ಆಗಸ್ಟಿನ ಅಸ್ನಾ ಇನ್ನೂ ವಿಚಿತ್ರ. ಅದು ಕಛ್‌ನ ನೆಲದ ಮೇಲಿದ್ದ ಡಿಪ್ರೆಶನ್. ಮಳೆಯಲ್ಲಿ ನೆನೆದ ನೆಲದ ಮೇಲೆ ಜೀವ ಹಿಡಿದುಕೊಂಡು ಕಡಲಿಗೆ ಇಳಿದು 30ರಂದು ಚಂಡಮಾರುತವಾಯಿತು. ಆಗಸ್ಟಿನಲ್ಲಿ ಅರಬ್ಬೀ ಸಮುದ್ರ ಚಂಡಮಾರುತ ಕಂಡಿದ್ದು 1976ರ ನಂತರ ಅದೇ ಮೊದಲು.

ಎಐಅಭಿಮಾನಿ | ಬುಧವಾರ, ಮಧ್ಯಾಹ್ನ 12:45

20 ಗಂಟೆ ಯಾಕೆ ಕಾಯಬೇಕು ಅಂತ ನನಗೆ ಅರ್ಥ ಆಗುತ್ತಿಲ್ಲ. ಗ್ರಾಫ್‌ಕಾಸ್ಟ್, ಪಾಂಗು ಥರದ ಎಐ ಹವಾಮಾನ ಮಾಡೆಲ್ಲುಗಳು ಬಂದು ವರ್ಷಗಳಾದವು. ಯುರೋಪಿನ ಹವಾಮಾನ ಮುನ್ಸೂಚನೆಯ ಕೇಂದ್ರ 2025ರಲ್ಲಿ ತನ್ನದೇ ಎಐ ಮಾಡೆಲ್ಲನ್ನು ದಿನನಿತ್ಯದ ಕೆಲಸಕ್ಕೇ ಹಾಕಿದೆ. ಹತ್ತು ದಿನದ ಮುನ್ಸೂಚನೆ ನಿಮಿಷಗಳಲ್ಲಿ ಬರುತ್ತದೆ. ದಾರಿಯ ವಿಷಯದಲ್ಲಿ ಹಳೆಯ ಮಾಡೆಲ್‌ಗಳಿಗಿಂತ ಎಷ್ಟೋ ಸಲ ಮುಂದೆ.

ಪುಣೆಕನ್ನಡಿಗ | ಬುಧವಾರ, ಮಧ್ಯಾಹ್ನ 2:10

ದಾರಿಯ ವಿಷಯ ಒಪ್ಪುತ್ತೇನೆ, ಪೂರ್ತಿ. ಬಿರುಗಾಳಿ ಎಲ್ಲಿ ಹೋಗುತ್ತದೆ ಅನ್ನುವುದನ್ನು ಅದರ ಸುತ್ತಲಿನ ದೊಡ್ಡ ಗಾಳಿ ತೀರ್ಮಾನ ಮಾಡುತ್ತದೆ. ಹೊಳೆಯಲ್ಲಿ ತೇಲುವ ತೆಂಗಿನಕಾಯಿಯ ಹಾಗೆ. ಎಐ ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಬಲದ ವಿಷಯ ಬೇರೆ. ಇವೆಲ್ಲ ಕಲಿತಿದ್ದು ಹೆಚ್ಚಾಗಿ ಇಆರ್‌ಎ5 ಅನ್ನುವ ಹಳೆಯ ಹವಾಮಾನದ ದಾಖಲೆಯಿಂದ. ಅದರಲ್ಲಿ ಒಂದು ಚೌಕ ಸುಮಾರು 30 ಕಿ.ಮೀ. ಚಂಡಮಾರುತದ ಕಣ್ಣು ಎಷ್ಟೋ ಸಲ ಅಷ್ಟೇ ಇರುತ್ತದೆ. ಅಂದರೆ ಕಣ್ಣು, ಕಣ್ಣಿನ ಸುತ್ತಲಿನ ಗೋಡೆ, ಗಾಳಿ ಅತಿ ಜೋರಾಗಿರುವ ಜಾಗ ಎಲ್ಲ ಒಂದೆರಡು ಚೌಕದಲ್ಲಿ ಸರಾಸರಿಯಾಗಿ ಮುಗಿದುಹೋಗಿರುತ್ತವೆ. ಕಲಿತ ಪಾಠದಲ್ಲೇ ಬಲ ಕಡಿಮೆ ಇದ್ದರೆ ಒಪ್ಪಿಸುವಾಗ ಜಾಸ್ತಿ ಹೇಗೆ ಬರುತ್ತದೆ? ಸದ್ಯಕ್ಕೆ ಎರಡೂ ಬೇಕು. ದಾರಿಗೆ ಅದು, ಬಲಕ್ಕೆ ಸಣ್ಣ ಗ್ರಿಡ್‌ನ ಇದು.

ಎಐಅಭಿಮಾನಿ | ಬುಧವಾರ, ಮಧ್ಯಾಹ್ನ 2:25

ಸರಿ ಸಾರ್. ಬಲದ ಮಾತು ನನಗೆ ಹೊಳೆದಿರಲಿಲ್ಲ.

ಗಾಳಿಲೆಕ್ಕ | ಗುರುವಾರ, ರಾತ್ರಿ 8:15

ಸಾರ್, ನಿಮ್ಮ ಅನುಮಾನ ನಿಜವಾಯಿತು!

ಇನ್‌ಪುಟ್ ಫೈಲ್ ತೆರೆದು ಕಡಲ ಉಷ್ಣಾಂಶದ ಬಣ್ಣದ ಚಿತ್ರ ಹಾಕಿದೆ. ನಡುಗಡಲೆಲ್ಲ ಕಡುಗೆಂಪು, 30ರಿಂದ 31 ಡಿಗ್ರಿ. ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ದಡದ ಕಡೆ ಜೂಮ್ ಮಾಡಿದೆ. ಕಾರವಾರದಿಂದ ಕಣ್ಣೂರಿನವರೆಗೆ ದಡಕ್ಕೆ ಅಂಟಿಕೊಂಡು ಒಂದು ಹಳದಿ ಪಟ್ಟಿ. ಸೀರೆಯ ಅಂಚಿನ ಹಾಗೆ. ಎರಡು, ಮೂರು ಚೌಕ ಅಗಲ. ಮೌಸ್ ಇಟ್ಟು ಅಂಕಿ ನೋಡಿದೆ. 24.6, 25.1, 24.9. ಮೇ ತಿಂಗಳಲ್ಲಿ!

ಹುಡುಕಿದಾಗ ಕಾರಣ ಸಿಕ್ಕಿತು. ನಾನು ತಂದ ಉಷ್ಣಾಂಶದ ಡೇಟಾದ ಚೌಕ ದೊಡ್ಡದು. ದಡದ ಚೌಕಗಳನ್ನು ಅದು ನೆಲ ಅಂತ ಖಾಲಿ ಬಿಟ್ಟಿದೆ. ನನ್ನ ಸಣ್ಣ ಗ್ರಿಡ್‌ನಲ್ಲಿ ಆ ಜಾಗ ನೀರು. ಅಂಕಿ ಇಲ್ಲದ ಕಡೆ ವರ್ಫ್ ಜಿಎಫ್‌ಎಸ್‌ನ ಮೇಲ್ಮೈ ಉಷ್ಣಾಂಶವನ್ನು ತೆಗೆದುಕೊಂಡಿದೆ. ಅಲ್ಲಿ ಅದು ನೆಲದ ಉಷ್ಣಾಂಶ. ಅದೂ ಬೆಳಗಿನ 5:30ರದು, ರಾತ್ರಿಯೆಲ್ಲ ತಣಿದ ನೆಲ. ಹಾಗಾಗಿ ನನ್ನ ಮಾಡೆಲ್‌ನಲ್ಲಿ ಐದು ದಿನವೂ ಕರಾವಳಿ ಉದ್ದಕ್ಕೂ ತಣ್ಣೀರಿನ ಪಟ್ಟಿ ಇತ್ತು. ಮಧ್ಯಾಹ್ನದಿಂದ ಶುರು ಮಾಡಿದ್ದರೆ ಅದೇ ಪಟ್ಟಿ ಕುದಿಯುವ ಹಾಗೆ ಬಿಸಿ ಇರುತ್ತಿತ್ತು. ಮೂರು ವಾರ ಸ್ಕೀಮು ಬದಲಿಸುತ್ತಾ ಕೂತಿದ್ದೆ, ಈ ಚಿತ್ರವನ್ನು ಒಂದು ಸಲವೂ ತೆರೆದಿರಲಿಲ್ಲ.

ಮಲ್ಪೆಹುಡುಗ | ಗುರುವಾರ, ರಾತ್ರಿ 9:00

25 ಡಿಗ್ರಿ? ಮೇ ತಿಂಗಳಲ್ಲಿ ನಮ್ಮ ಕಡಲಿಗೆ ಕೈ ಇಟ್ಟು ನೋಡಿ. ಸ್ನಾನದ ಹಂಡೆ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಮೇಲೆ ಇರ್ತದಲ್ಲ, ಹಾಗೆ. ನನ್ನನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ. ನೀರು ತಣ್ಣಗಾಗುವುದು ಮಳೆ ಹಿಡಿದ ಮೇಲೆ. ಆಗ ಕೆಳಗಿನ ನೀರು ಮೇಲೆ ಬರ್ತದೆ, ಮೀನೂ ದಡಕ್ಕೆ ಬರ್ತದೆ.

ಪುಣೆಕನ್ನಡಿಗ | ಗುರುವಾರ, ರಾತ್ರಿ 10:40

ಮಲ್ಪೆಹುಡುಗ ಹೇಳಿದ್ದು ಅಕ್ಷರಶಃ ಸರಿ. ಮುಂಗಾರಿನ ಮುಂಚೆ ನಮ್ಮ ಕೇರಳ, ಲಕ್ಷದ್ವೀಪದ ಕಡಲು ಜಗತ್ತಿನ ಅತಿ ಬೆಚ್ಚನೆಯ ಕಡಲುಗಳಲ್ಲಿ ಒಂದು. ಚಂಡಮಾರುತಕ್ಕೆ ಕನಿಷ್ಠ 26.5 ಡಿಗ್ರಿ ಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ತೌಕ್ತೆ ಹುಟ್ಟಿದ್ದು ಅದಕ್ಕಿಂತ ನಾಲ್ಕು ಡಿಗ್ರಿ ಮೇಲಿನ ನೀರಿನಲ್ಲಿ.

ಪಟ್ಟಿ ಸಣ್ಣದು, ಅದರಿಂದ ಇಷ್ಟು ಫರಕು ಬರುತ್ತದಾ ಅಂತ ಅನಿಸಬಹುದು. ಕೇಂದ್ರಕ್ಕೆ ನುಗ್ಗುವ ಗಾಳಿಯಲ್ಲಿ ಒಂದು ಪಾಲು ಈ ದಡದ ನೀರಿನ ಮೇಲಿಂದಲೇ ಹಾಯುತ್ತದೆ. ತಣ್ಣೀರಾದರೆ ಆವಿ ಏಳುವುದಿಲ್ಲ, ಒಣ ಗಾಳಿ ಒಳಗೆ ಹೋಗುತ್ತದೆ. ಆದರೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಬಲಕ್ಕೆ ವಾಲಿದ್ದಕ್ಕೆ ಘಟ್ಟದ ಮೇಲಿನ ಅಂಚೇ ಕಾರಣ ಅಂತ ನನ್ನ ಲೆಕ್ಕ. ಒಂದೊಂದನ್ನೇ ಸರಿಮಾಡಿ ಓಡಿಸಿ, ಆಗ ಯಾವುದರ ಪಾಲು ಎಷ್ಟು ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪ್ರಾಜೆಕ್ಟಿನಲ್ಲಿ ಬರೆಯಲು ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಮಾಡೆಲ್‌ನಲ್ಲಿ ಕಡಲು ಬದಲಾಗುವುದಿಲ್ಲ, ಮೊದಲ ದಿನದ ಉಷ್ಣಾಂಶವೇ ಕೊನೆಯವರೆಗೆ. ನಿಜವಾದ ಬಿರುಗಾಳಿ ಕಡಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಕೆಳಗಿನ ತಣ್ಣೀರು ಮೇಲೆ ಬಂದು ಅದರ ಬಲವನ್ನೇ ತಗ್ಗಿಸುತ್ತದೆ. ವರ್ಫ್‌ನಲ್ಲೇ ಒಂದು ಸರಳ ಕಡಲ ಪದರದ ಆಯ್ಕೆ ಇದೆ. ಕೊನೆಯ ರನ್ನಿಗೆ ಅದನ್ನು ಚಾಲೂ ಮಾಡಿ.

ಗಾಳಿಲೆಕ್ಕ | ಮುಂದಿನ ಬುಧವಾರ, ರಾತ್ರಿ 9:30

ಮೂರು ರನ್ ಮುಗಿಯಿತು. ಡೊಮೇನ್ ದೊಡ್ಡದಾದ್ದರಿಂದ ಒಂದೊಂದಕ್ಕೂ 38 ಗಂಟೆ ಹಿಡಿಯಿತು.

ಮೊದಲನೆಯದು, ಅಂಚು ಮಾತ್ರ ಸರಿಸಿದ್ದು. ಬಿರುಗಾಳಿ ಭಟ್ಕಳಕ್ಕೆ ವಾಲಲಿಲ್ಲ. ಕರಾವಳಿಗೆ ಸಮನಾಗಿ ಬಡಗಿಗೆ ಹೋಯಿತು. ಒತ್ತಡ 981. ಎರಡನೆಯದು, ಅದರ ಮೇಲೆ ತಣ್ಣೀರಿನ ಪಟ್ಟಿ ತೆಗೆದದ್ದು. 973. ಮೂರನೆಯದರಲ್ಲಿ 3 ಕಿ.ಮೀ. ಗ್ರಿಡ್‌ನ ಮೋಡದ ಸ್ಕೀಮು ಆಫ್, ಕಡಲ ಪದರ ಆನ್. 964ಕ್ಕೆ ಇಳಿಯಿತು. ದಡ ಹತ್ತಿದ್ದು ವೆರಾವಲ್ ಮತ್ತು ದಿಯು ನಡುವೆ, ನಿಜಕ್ಕಿಂತ ಐದು ಗಂಟೆ ಮುಂಚೆ.

950 ಮುಟ್ಟಲಿಲ್ಲ. 16ರ ರಾತ್ರಿ ನಿಜವಾದ ತೌಕ್ತೆ ಜಿಗಿದ ಹಾಗೆ ನನ್ನದು ಜಿಗಿಯಲಿಲ್ಲ, ಮೆಲ್ಲಗೆ ಏರಿತು. ಅದು ಯಾಕೆ ಅಂತ ಇನ್ನೂ ನೋಡಬೇಕು. ಆರಂಭದ ಸುಳಿಯೇ ಅಗಲವಾಗಿ, ಸಡಿಲವಾಗಿತ್ತು ಅನಿಸುತ್ತಿದೆ. ಆದರೆ ದಾರಿ ಸರಿ ಬಂದಿದೆ. ತುಂಬಾ ಖುಷಿಯಾಗಿದೆ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಮಲ್ಪೆಹುಡುಗ ಅಣ್ಣ, ನಿಮ್ಮ ಹತ್ತಿರ ಒಂದು ಕೇಳಬೇಕು. ಮಲ್ಪೆಯ ಹತ್ತಿರದ ಚೌಕದಲ್ಲಿ ಗಾಳಿ ಯಾವಾಗ ತಿರುಗಿತು ಅಂತ ಮಾಡೆಲ್‌ನಿಂದ ತೆಗೆದಿದ್ದೇನೆ. ನಿಜಕ್ಕೆ ಯಾವಾಗ ತಿರುಗಿತು ಅಂತ ನೆನಪಿದೆಯಾ? ಅಂದಾಜು ಸಾಕು.

ಮಲ್ಪೆಹುಡುಗ | ಗುರುವಾರ, ಬೆಳಿಗ್ಗೆ 6:20

ಅಂದಾಜು ಯಾಕೆ? ಅಪ್ಪ ಬೋಟಿನ ಲೆಕ್ಕದ ಪುಸ್ತಕದಲ್ಲಿ ಗಾಳಿ ಬರೆದಿಡುತ್ತಾರೆ. ಡೀಸೆಲ್, ಮಂಜುಗಡ್ಡೆ, ಆಮೇಲೆ ಗಾಳಿ. ನಲವತ್ತು ವರ್ಷದ ಅಭ್ಯಾಸ. ಆ ರಾತ್ರಿ ಬೋಟು ಬಂದರಿನಲ್ಲೇ ಇತ್ತು. ಹಗ್ಗ ತುಂಡಾದೀತು ಅಂತ ಅವರು ಬೋಟಿನಲ್ಲೇ ಕೂತಿದ್ದರು.

ಪುಸ್ತಕ ನೋಡಿ ಬರೆಯುತ್ತಿದ್ದೇನೆ. ಶನಿವಾರ, ಮೇ 15. ಸಂಜೆ 5: ಮೂಡು-ತೆಂಕು, ಜೋರು. ರಾತ್ರಿ 10: ತೆಂಕು, ಮಳೆ. ರಾತ್ರಿ 1 ಗಂಟೆ: ಪಡು-ತೆಂಕು, ಭಾರೀ ಜೋರು, ಎರಡು ಹಗ್ಗ ಹೆಚ್ಚಿಗೆ ಕಟ್ಟಿದ್ದು. ಬೆಳಿಗ್ಗೆ 6: ಪಡು-ತೆಂಕು, ನೀರು ಕಟ್ಟೆ ಮೇಲೆ.

ಗಾಳಿಲೆಕ್ಕ | ಗುರುವಾರ, ಬೆಳಿಗ್ಗೆ 7:05

ಅಣ್ಣ, ನನ್ನ ಮಾಡೆಲ್‌ನಲ್ಲಿ ತೆಂಕಿಗೆ ತಿರುಗಿದ್ದು ರಾತ್ರಿ 11:30ಕ್ಕೆ, ಪಡು-ತೆಂಕಿಗೆ 3 ಗಂಟೆಗೆ. ಒಂದೂವರೆ, ಎರಡು ಗಂಟೆ ಹಿಂದೆ ಇದೆ, ಆದರೆ ತಿರುಗಿದ ಕ್ರಮ ಅದೇ! ಅಂದರೆ ನಿಮ್ಮ ಕಡಲಿನ ನೇರ ದಾಟುವಾಗ ನನ್ನ ಬಿರುಗಾಳಿ ನಿಧಾನ ಇತ್ತು, ಆಮೇಲೆ ಗುಜರಾತಿನವರೆಗೆ ಓಡಿದೆ. ಇದು ಬರೀ ದಾರಿಯ ಗೆರೆ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಪುಸ್ತಕದ ಆ ಪುಟದ ಫೋಟೊ ಸಿಗುತ್ತದಾ? ಅಪ್ಪನನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. 13ರಿಂದ 17ರವರೆಗಿನದು ಇದ್ದರೆ ಮೂರನೇ ಅಧ್ಯಾಯಕ್ಕೆ ಅದನ್ನೇ ಹೋಲಿಕೆಗೆ ಇಡುತ್ತೇನೆ.

ಮಲ್ಪೆಹುಡುಗ | ಗುರುವಾರ, ಬೆಳಿಗ್ಗೆ 7:20

ಕೇಳಿದೆ. ಒಪ್ಪಿದರು. ಓಖಿ ಬಂದ ವಾರದ ಪುಟವೂ ಇದೆಯಂತೆ, ಬೇಕಾ ಅಂತ ಕೇಳುತ್ತಿದ್ದಾರೆ.

ಗಾಳಿಲೆಕ್ಕ | ಗುರುವಾರ, ಬೆಳಿಗ್ಗೆ 7:21

ಬೇಕು ಅಣ್ಣ. ಖಂಡಿತ ಬೇಕು.